ರಜೆಯ ಒಂದು ದಿನ, ಪೇಶ್ವೆಗಳ ರಾಜಧಾನಿ

ರೋಮ್, ಲಂಡನ್ ನಗರಗಳನ್ನು ನೋಡುವ ಭಾಗ್ಯ ಹೋಟೆಲ್ ಕೆಲಸಗಾರರಿಗೂ ಗುಮಾಸ್ತರಿಗೂ ಸುಲಭವಾಗಿ ಒದಗದು. ಆದರೆ ಬಿಬವೇವಾಡಿಯ ನಾವು ಇರುವುದೂ ಇತಿಹಾಸಪ್ರಸಿದ್ಧ ರಾಜಧಾನಿಯಲ್ಲಿಯೇ. ವಾರದ ರಜೆಯನ್ನು ನಿದ್ದೆಯಲ್ಲಿ ಕಳೆದು, ಪುಣೆಯನ್ನು ನೋಡದೆಯೇ ಊರಿಗೆ ಮರಳುವವರು ನಮ್ಮಲ್ಲಿ ಎಷ್ಟು ಮಂದಿ!

ಬಿಸಿಲೇರುವ ಮುನ್ನ ನಡೆದುಹೋಗಿ ಪರ್ವತಿ ಬೆಟ್ಟವನ್ನು ಏರೋಣ. ಪಾಣಿಪತದ ಸೋಲಿನಿಂದ ನೊಂದ ನಾನಾಸಾಹೇಬ ಪೇಶ್ವೆಯವರು 1761ರಲ್ಲಿ ಕೊನೆಯುಸಿರೆಳೆದದ್ದು ಅಲ್ಲಿಯೇ. ಅನಂತರ ಸ್ವಾರಗೇಟಿನಿಂದ ಬಸ್ಸು ಹಿಡಿದು ಶನಿವಾರವಾಡಾ ಸೇರಬಹುದು. 1732ರಲ್ಲಿ ಸಿದ್ಧವಾದ ಆ ಅರಮನೆ 1828ರ ಬೆಂಕಿಗೆ ಆಹುತಿಯಾಯಿತು; ಕೋಟೆಗೋಡೆ, ಹೆಬ್ಬಾಗಿಲು, ಅಡಿಪಾಯಗಳು ಉಳಿದಿವೆ. ಸಮೀಪದಲ್ಲೇ ಲಾಲ್ ಮಹಲಿನ ಹೊಸ ಕಟ್ಟಡವುಂಟು. ಮೂಲ ಮಹಲನ್ನು ಕಟ್ಟಿಸಿದ ಶಹಾಜಿ ಮಹಾರಾಜರ ಸಮಾಧಿ ನಮ್ಮ ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿದೆ.

ಬುತ್ತಿ ಕಟ್ಟಿಕೊಂಡರೆ ಬಸ್ಸಿನ ಚೀಟಿ, ಪ್ರವೇಶಶುಲ್ಕಗಳಷ್ಟೇ ವೆಚ್ಚ. ಅನ್ನವಿತ್ತ ಊರನ್ನು ಅರಿತಾಗಲೇ ನಾವಿಲ್ಲಿ ಪರಕೀಯರಲ್ಲವೆಂಬ ಧೈರ್ಯ ಮೂಡುವುದು.