ಬಂಡಿ ಕಟ್ಟುವ ಮುನ್ನ

ಶೇಷಾದ್ರಿಪುರಂನಿಂದ ಬೆಂಗಳೂರಿನ ಹಳೆಯ ಸಿಟಿ ರೈಲು ನಿಲ್ದಾಣಕ್ಕೆ, ಅಂದರೆ ಈಗಿನ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣಕ್ಕೆ, ಕಾಲ್ನಡಿಗೆಯ ದೂರ. 1883ರಿಂದ 1901ರವರೆಗೆ ಮೈಸೂರಿನ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಅವರ ಹೆಸರು ಹೊತ್ತ ಈ ಬಡಾವಣೆ 1892ರಲ್ಲಿ ರೂಪುಗೊಂಡಿತು. ಆ ವೇಳೆಗೆ ಬೆಂಗಳೂರಿಗೆ ರೈಲು ಬಂದು 28 ವರ್ಷಗಳಾಗಿದ್ದವು. ಹೀಗಾಗಿ ಇಲ್ಲಿ ಮನೆ ಕಟ್ಟಿದ ಮೊದಲ ತಲೆಮಾರಿನವರಿಗೆ ದೂರದ ಯಾತ್ರೆ ಎಂದರೆ ಟಿಕೆಟ್ಟು, ಹಾಸಿಗೆ ಸುರುಳಿ, ಕೂಜಾ ಮತ್ತು ಬುತ್ತಿ. ಅವರ ಅಜ್ಜ ಅಜ್ಜಿಯರಿಗಾದರೋ ಯಾತ್ರೆ ಎಂದರೆ ಬಂಡಿ, ಎತ್ತು, ಹುಲ್ಲು ಮತ್ತು ನೀರು. ಮಕ್ಕಳು ಮರಿ ಸಮೇತ ತಿಂಗಳುಗಟ್ಟಲೆ ಜನವಿರಳ ಸೀಮೆಗಳನ್ನು ದಾಟುವ ಆ ಪ್ರಯಾಣಕ್ಕೆ ಅವರು ಹೇಗೆ ಸಿದ್ಧರಾಗುತ್ತಿದ್ದರು? ಅದರ ಹಿಂದೆ ಭಕ್ತಿ ಎಷ್ಟಿತ್ತೋ ಲೆಕ್ಕಾಚಾರವೂ ಅಷ್ಟೇ ಇತ್ತು.

ದಿನಕ್ಕೆ ಎಷ್ಟು ದೂರ?

ಎತ್ತಿನ ಬಂಡಿಯ ವೇಗ ಗಂಟೆಗೆ ಮೂರು, ಹೆಚ್ಚೆಂದರೆ ನಾಲ್ಕು ಕಿಲೋಮೀಟರು. ಎತ್ತುಗಳು ಮೇಯಬೇಕು, ಮೆಲುಕು ಹಾಕಬೇಕು, ಮಲಗಬೇಕು. ಆದ್ದರಿಂದ ದಿನಕ್ಕೆ ಆರೇಳು ಗಂಟೆಗಿಂತ ಹೆಚ್ಚು ನೊಗ ಹೂಡುವಂತಿರಲಿಲ್ಲ. ನಮ್ಮ ಹಿರಿಯರು ದೂರ ಅಳೆಯುತ್ತಿದ್ದುದು ಹರದಾರಿಯಲ್ಲಿ. ಅದರ ಅಳತೆ ಸೀಮೆಯಿಂದ ಸೀಮೆಗೆ ಕೊಂಚ ಬದಲಾದರೂ, ಸುಮಾರು ಮೂರು ಮೈಲಿ ಎಂದಿಟ್ಟುಕೊಳ್ಳಬಹುದು. ದಿನಕ್ಕೆ ನಾಲ್ಕು ಹರದಾರಿ ಸಾಗಿದರೆ ಅದು ಒಳ್ಳೆಯ ಪಯಣ.

ಈ ಲೆಕ್ಕವನ್ನು ಕಾಶಿಯ ದಾರಿಗೆ ಅನ್ವಯಿಸಿ ನೋಡಿ. ಬೆಂಗಳೂರಿನಿಂದ ದೇವನಹಳ್ಳಿ, ಪೆನುಕೊಂಡೆ, ಗುತ್ತಿ, ಕರ್ನೂಲು, ಹೈದರಾಬಾದು, ನಾಗಪುರ, ಜಬಲ್ಪುರಗಳ ಮೇಲೆ ಕಾಶಿ ಇಂದಿನ ರಸ್ತೆಯಲ್ಲಿ ಸುಮಾರು 1,800 ಕಿಲೋಮೀಟರು. ದಿನಕ್ಕೆ 20 ಕಿಲೋಮೀಟರಿನಂತೆ ಬರೀ ನಡಿಗೆಯೇ 90 ದಿನ. ಏಕಾದಶಿ, ಅಮಾವಾಸ್ಯೆ, ಹೊಳೆಯ ಪ್ರವಾಹ, ಎತ್ತಿನ ಕಾಲುನೋವು, ಮಗುವಿನ ಜ್ವರ ಎಲ್ಲ ಸೇರಿದರೆ ಹೋಗಲಿಕ್ಕೆ ಐದಾರು ತಿಂಗಳು, ಬರಲಿಕ್ಕೆ ಮತ್ತಷ್ಟೇ. ನಡುವೆ ಒಂದು ಮಳೆಗಾಲವನ್ನು ಎಲ್ಲಿಯಾದರೂ ಕೂತು ಕಳೆಯಲೇಬೇಕು. ಕಾಶಿಗೆ ಹೋದವನೂ ಒಂದೇ, ಕಾಟಿಗೆ ಅಂದರೆ ಸುಡುಗಾಡಿಗೆ ಹೋದವನೂ ಒಂದೇ ಎಂಬ ಗಾದೆ ತೆಲುಗು ಸೀಮೆಯಲ್ಲಿ ಹುಟ್ಟಿದ್ದು ಸುಮ್ಮನೆ ಅಲ್ಲ. ಹೊರಡುವ ಮುನ್ನ ಸಾಲ ತೀರಿಸಿ, ಜಮೀನಿನ ವಹಿವಾಟನ್ನು ದಾಯಾದಿಗಳಿಗೋ ಮಗನಿಗೋ ಒಪ್ಪಿಸಿ, ನೆಂಟರಿಷ್ಟರಿಗೆಲ್ಲ ಹೇಳಿ ಹೊರಡುತ್ತಿದ್ದುದು ಈ ಕಾರಣಕ್ಕೇ.

ನೂರು ಮಂದಿಯ ಯಾತ್ರೆ

ರೈಲಿಗೆ ಮುಂಚಿನ ಅಂಥದೊಂದು ಪ್ರಯಾಣದ ವಿವರವಾದ ದಾಖಲೆ ಸಿಗುವುದು ಏನುಗುಲ ವೀರಾಸ್ವಾಮಿ ತೆಲುಗಿನಲ್ಲಿ ಬರೆದ ‘ಕಾಶೀಯಾತ್ರಾ ಚರಿತ್ರೆ’ಯಲ್ಲಿ. ಮದರಾಸಿನ ಸುಪ್ರೀಂ ಕೋರ್ಟಿನಲ್ಲಿ ದುಭಾಷಿಯಾಗಿದ್ದ ಇವರು 1830ರ ಮೇ 18ರಂದು ಕುಟುಂಬದವರು, ಬೋಯಿಗಳು, ಸೇವಕರು ಸೇರಿ ಸುಮಾರು ನೂರು ಮಂದಿಯೊಡನೆ ಹೊರಟು, ತಿರುಪತಿ, ಕಡಪ, ಶ್ರೀಶೈಲ, ಹೈದರಾಬಾದು, ನಾಗಪುರಗಳ ಮೂಲಕ ಕಾಶಿ ತಲುಪಿದರು. ಗಯೆ, ಕಲ್ಕತ್ತೆ, ಪುರಿ ನೋಡಿಕೊಂಡು ಕರಾವಳಿಯ ದಾರಿಯಲ್ಲಿ ಮದರಾಸಿಗೆ ಹಿಂದಿರುಗಿದ್ದು 1831ರ ಸೆಪ್ಟೆಂಬರ್ 3ರಂದು. ಹದಿನೈದು ತಿಂಗಳಿಗೂ ಮಿಕ್ಕಿದ ಪಯಣ. ದಾರಿಯುದ್ದಕ್ಕೂ ಅವರು ಮದರಾಸಿನ ಗೆಳೆಯರೊಬ್ಬರಿಗೆ ಬರೆದು ಕಳುಹಿಸುತ್ತಿದ್ದ ವಿವರಗಳೇ 1838ರಲ್ಲಿ ಪುಸ್ತಕವಾಗಿ ಅಚ್ಚಾದವು.

ಈ ಬರಹದ ವಿಶೇಷವೆಂದರೆ ಅದರಲ್ಲಿ ದೇವಸ್ಥಾನಗಳ ವರ್ಣನೆಗೆ ಇರುವಷ್ಟೇ ಜಾಗ ತಂಗುದಾಣಗಳಿಗೂ ಇದೆ. ಯಾವ ಊರಿನಲ್ಲಿ ಅಂಗಡಿಯಿದೆ, ಎಲ್ಲಿ ನೀರು ಚೆನ್ನಾಗಿದೆ, ದಾರಿ ಹೇಗಿದೆ ಎಂಬುದನ್ನು ಮುಂದೆ ಬರುವವರಿಗೆ ಉಪಯೋಗವಾಗುವಂತೆ ಅವರು ಗುರುತು ಹಾಕಿದ್ದಾರೆ. ನಕ್ಷೆ ಅಪರೂಪವಾಗಿದ್ದ ಕಾಲದಲ್ಲಿ ಹೋಗಿ ಬಂದವರ ಮಾತೇ ನಕ್ಷೆ.

ಎತ್ತು ಕುಡಿವ ನೀರು

ಎಲ್ಲ ಲೆಕ್ಕಕ್ಕೂ ಮೊದಲ ಲೆಕ್ಕ ನೀರಿನದು. ಬಿಸಿಲಿನಲ್ಲಿ ನಡೆಯುವ ಮನುಷ್ಯನಿಗೆ ದಿನಕ್ಕೆ ನಾಲ್ಕೈದು ಲೀಟರು ಸಾಕು. ಐದು ಜನರ ಸಂಸಾರಕ್ಕೆ ಎರಡು ಕೊಡ. ಆದರೆ ಗಾಡಿ ಎಳೆಯುವ ಎತ್ತಿಗೆ ಬೇಸಗೆಯಲ್ಲಿ 40 ಲೀಟರು ನೀರಾದರೂ ಬೇಕು. ಜೋಡಿಗೆ 80 ಲೀಟರು, ಅಂದರೆ ಏಳೆಂಟು ಕೊಡ. ಅಷ್ಟನ್ನೂ ಬಂಡಿಯಲ್ಲಿ ಹೇರಿಕೊಂಡರೆ ಹೆಂಗಸರು ಮಕ್ಕಳು ಕೂರಲು ಜಾಗವೆಲ್ಲಿ? ಹಾಗಾಗಿ ತಂಗುವ ಜಾಗವನ್ನು ಮನುಷ್ಯರ ಅನುಕೂಲ ನೋಡಿ ಆರಿಸುತ್ತಿರಲಿಲ್ಲ. ಎತ್ತಿಗೆ ನೀರು ಸಿಗುವಲ್ಲಿ ಅಂದಿನ ಪಯಣ ಮುಗಿಯಿತು. ಮುಂದಿನ ಕೆರೆ ಆರು ಹರದಾರಿ ಆಚೆಗಿದೆ ಎಂದಾದರೆ, ಮೂರನೆಯ ಹರದಾರಿಯಲ್ಲಿ ಎಷ್ಟೇ ಸೊಗಸಾದ ಮಾವಿನ ತೋಪಿದ್ದರೂ ಅಲ್ಲಿ ರಾತ್ರಿ ತಂಗುವಂತಿರಲಿಲ್ಲ.

ದಾರಿಬದಿಯ ಕೆರೆ, ಕಲ್ಯಾಣಿ, ಸಾಲುಮರ, ಛತ್ರ, ಬೇಸಗೆಯಲ್ಲಿ ನೀರು ಮಜ್ಜಿಗೆ ಕೊಡುವ ಅರವಟ್ಟಿಗೆಗಳನ್ನು ಪುಣ್ಯಕಾರ್ಯವೆಂದು ಶಾಸನಗಳು ಹೇಳುವುದರ ಹಿಂದಿನ ವಾಸ್ತವ ಇದು. ಅವು ಇಲ್ಲದಿದ್ದರೆ ದಾರಿಯೇ ಇಲ್ಲ. ಇಂದಿನ ಕೆಂಪೇಗೌಡ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಊರಿಗೆ ನೀರುಣಿಸಿದ ಆ ಕೆರೆಯ ಹೆಸರಿನಲ್ಲೇ ಧರ್ಮವೂ ಇದೆ, ನೀರೂ ಇದೆ.

ನೀರಿನ ಜತೆಗೆ ಹುಲ್ಲು. ಸುಗ್ಗಿ ಮುಗಿದು ಸಂಕ್ರಾಂತಿ ಕಳೆದ ಮೇಲೆ ಯಾತ್ರೆ ಹೊರಡುವ ರೂಢಿ ಬಂದದ್ದು ಇದರಿಂದ. ಆಗ ಹೊಲದ ಕೆಲಸವಿಲ್ಲ, ಎತ್ತುಗಳಿಗೆ ಬಿಡುವು, ಕಣದಲ್ಲಿ ಮೇವು, ಕೆರೆಯಲ್ಲಿ ಇನ್ನೂ ನೀರು, ಹೊಳೆಗಳು ದಾಟುವಂತಿರುತ್ತವೆ. ಬಿಸಿಲೇರಿದರೆ ಬೆಳಗಿನ ಜಾವಕ್ಕೆ ಹೂಡಿ ಹೊತ್ತೇರುವುದರೊಳಗೆ ಬಿಡುವುದು, ಮತ್ತೆ ಬಿಸಿಲಿಳಿದ ಮೇಲೆ ಹೂಡುವುದು.

ಬರಗಾಲದಲ್ಲಿ ಈ ಇಡೀ ವ್ಯವಸ್ಥೆ ಹೇಗೆ ಕುಸಿಯುತ್ತದೆ ಎಂಬುದನ್ನು 1876–78ರ ಧಾತು ಈಶ್ವರ ಕ್ಷಾಮ ತೋರಿಸಿತು. ಹೊರಗಿನಿಂದ ರೈಲಿನಲ್ಲಿ ಧಾನ್ಯ ಬಂದಿಳಿದರೂ ಅದನ್ನು ಒಳನಾಡಿಗೆ ಸಾಗಿಸುವುದು ದುಸ್ತರವಾಯಿತು. ಮೇವು ನೀರಿಲ್ಲದೆ ಎತ್ತುಗಳು ಸತ್ತಿದ್ದವು, ಬದುಕಿದ್ದವು ಎಳೆಯಲಾರದಾಗಿದ್ದವು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಹೊತ್ತಿಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಬೆಂಗಳೂರು–ಮೈಸೂರು ರೈಲು ಮಾರ್ಗದ ಕೆಲಸ ಕ್ಷಾಮದ ದಿನಗಳಲ್ಲಿ ಪರಿಹಾರ ಕಾಮಗಾರಿಯಾಗಿ ನಡೆದದ್ದು ಇದೇ ಅನುಭವದ ಹಿನ್ನೆಲೆಯಲ್ಲಿ.

ಬಂಡಿಯೊಳಗೆ ಏನೇನು?

ಹೊರಡುವ ವಾರದ ಮೊದಲೇ ಎತ್ತುಗಳ ಗೊರಸಿಗೆ ಲಾಳ ಕಟ್ಟಿಸಬೇಕು. ಅಚ್ಚು, ಕಡಾಣಿ, ಗಾಲಿಯ ಪಟ್ಟಿಗಳನ್ನು ಬಡಗಿ ಮತ್ತು ಕಮ್ಮಾರ ನೋಡಿ ಸರಿ ಎನ್ನಬೇಕು. ಒಂದೆರಡು ಹೆಚ್ಚಿನ ಕಡಾಣಿ, ಹಗ್ಗದ ಸುರುಳಿ, ಕೊಡಲಿ, ಕೀಲೆಣ್ಣೆಯ ಗೊಟ್ಟ ಬಂಡಿಯಲ್ಲೇ ಇರಬೇಕು. ಊರಿಲ್ಲದ ಕಡೆ ಕಡಾಣಿ ಕಳಚಿದರೆ ಗಾಲಿ ಉರುಳುತ್ತದೆ, ಅಲ್ಲಿಗೆ ಇಡೀ ಸಂಸಾರ ನಿಂತಂತೆ. ಒಂಟಿ ಬಂಡಿಯಲ್ಲಿ ದೂರ ಪ್ರಯಾಣ ಕೂಡದೆಂದು ಹಿರಿಯರು ಹೇಳುತ್ತಿದ್ದುದು ಕಳ್ಳರ ಭಯದಿಂದ ಮಾತ್ರವಲ್ಲ. ಒಂದು ಬಂಡಿ ಮುರಿದರೆ ಅದರ ಜನವನ್ನು ಕೂರಿಸಿಕೊಳ್ಳಲು ಇನ್ನೊಂದು ಬೇಕಲ್ಲ!

ಆಹಾರದಲ್ಲಿ ಕೆಡದಿರುವುದೇ ಮುಖ್ಯ. ಹಳೆ ಮೈಸೂರಿನ ಕಡೆ ಹುರಿಹಿಟ್ಟು, ಅವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಉಪ್ಪಿನಕಾಯಿ. ಉತ್ತರ ಕರ್ನಾಟಕದಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ತೇವ ಆರುವಂತೆ ಸುಟ್ಟ ಜೋಳದ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ಅದಕ್ಕೆ ಒಲೆಯೂ ಬೇಡ, ನೀರೂ ಬೇಡ. ನೀರು ಕಡಿಮೆಯಿರುವ ದಾರಿಗೆ ಇದಕ್ಕಿಂತ ಒಳ್ಳೆಯ ಬುತ್ತಿ ಇನ್ನೊಂದಿಲ್ಲ.

ಇಂದಿಗೂ ಉಳಿದ ದಾರಿ

ಇದೆಲ್ಲ ಮುಗಿದ ಕತೆ ಎಂದುಕೊಳ್ಳಬೇಕಿಲ್ಲ. ಬನದ ಹುಣ್ಣಿಮೆ, ಭರತ ಹುಣ್ಣಿಮೆಗಳಿಗೆ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಇಂದಿಗೂ ಕೊಲ್ಲಾರಿ ಬಂಡಿಗಳಲ್ಲಿ ಸಂಸಾರ ಸಮೇತ ಬರುವವರಿದ್ದಾರೆ. ಅದಕ್ಕಿಂತ ಕಠಿಣವಾದದ್ದು ಯುಗಾದಿಗೆ ಶ್ರೀಶೈಲಕ್ಕೆ ಹೋಗುವ ಪಾದಯಾತ್ರೆ. ಬಾಗಲಕೋಟೆ, ವಿಜಯಪುರ, ಬೆಳಗಾವಿ, ರಾಯಚೂರು ಕಡೆಯ ಸಾವಿರಾರು ಮಂದಿ ಕಂಬಿ ಹೊತ್ತು ಹೊರಡುತ್ತಾರೆ. ಭ್ರಮರಾಂಬೆ ಕನ್ನಡ ನಾಡಿನ ಮಗಳು ಎಂಬ ನಂಬಿಕೆ. ಹಬ್ಬಕ್ಕೆ ಮಗಳ ಮನೆಗೆ ಹೋಗುವಾಗ ಬರಿಗೈಯಲ್ಲಿ ಹೋಗುವುದುಂಟೇ?

ಕರ್ನೂಲು, ಆತ್ಮಕೂರು ದಾಟಿದ ಮೇಲೆ ವೆಂಕಟಾಪುರದಿಂದ ನಲ್ಲಮಲ ಕಾಡು. ನಾಗಲೂಟಿ, ಪೆದ್ದ ಚೆರುವು, ಭೀಮುನಿ ಕೊಳನು, ಕೈಲಾಸ ದ್ವಾರ ಇವು ದಾರಿಯ ಗುರುತುಗಳು. ಇವುಗಳಲ್ಲಿ ‘ಚೆರುವು’ ಎಂದರೆ ಕೆರೆ, ‘ಕೊಳನು’ ಎಂದರೆ ಕೊಳ. ಕಾಡಿನ ಹಾದಿಗೆ ಹೆಸರು ಕೊಟ್ಟದ್ದೂ ನೀರೇ. ಇದು ದೇಶದ ಅತಿ ದೊಡ್ಡ ಹುಲಿ ಸಂರಕ್ಷಿತ ಪ್ರದೇಶ, ಯುಗಾದಿಯ ಹೊತ್ತಿಗೆ ಬಿಸಿಲು ಸುಡುತ್ತಿರುತ್ತದೆ. ಹೊರೆ ಹೊತ್ತ ವಾಹನಗಳು ದೋರ್ನಾಲದ ಡಾಂಬರು ರಸ್ತೆ ಹಿಡಿದರೆ, ನಡೆಯುವವರು ಕಾಡು ಹೊಗುತ್ತಾರೆ. ಕಾಡಿನೊಳಗೆ ಬೇಕಾದುದಷ್ಟನ್ನು ಮಾತ್ರ ಹೆಗಲ ಮೇಲಿಟ್ಟು ಉಳಿದುದನ್ನು ವಾಹನಕ್ಕೆ ಹಾಕುವುದೇ ಇಲ್ಲಿನ ಜಾಣ್ಮೆ. ಸಾಲಿನ ನಡಿಗೆಯನ್ನು ನಿರ್ಧರಿಸುವವರು ಮುಂದಿರುವ ಯುವಕರಲ್ಲ, ಹಿಂದೆ ಬರುವ ಮುದುಕಿ.

ಸಮುದ್ರದಾಚೆ ಆಸ್ಟ್ರೇಲಿಯದಲ್ಲಿ ನೆಲೆಸಿದವರಿಗೂ ಈ ಲೆಕ್ಕ ಹೊಸದಲ್ಲ. ಅಲ್ಲಿ ಸಂಸಾರಗಳು ಕಾರಿಗೆ ಚಕ್ರದ ಮನೆ ಜೋಡಿಸಿಕೊಂಡು, ಔಟ್‌ಬ್ಯಾಕ್ ಎಂದು ಕರೆಯುವ ನಿರ್ಜನ ಒಳನಾಡನ್ನು ವಾರಗಟ್ಟಲೆ ಸುತ್ತುವುದುಂಟು. ಪೋರ್ಟ್ ಅಗಸ್ಟಾದಿಂದ ಡಾರ್ವಿನ್‌ವರೆಗಿನ ಸ್ಟುವರ್ಟ್ ಹೆದ್ದಾರಿಯೊಂದೇ ಸುಮಾರು 2,700 ಕಿಲೋಮೀಟರು. ಕೆಲವೆಡೆ ಒಂದು ಪೆಟ್ರೋಲ್ ಬಂಕಿನಿಂದ ಇನ್ನೊಂದಕ್ಕೆ ಇನ್ನೂರು ಕಿಲೋಮೀಟರಿಗೂ ಹೆಚ್ಚು. ಅಲ್ಲಿನ ಅಧಿಕೃತ ಸೂಚನೆಗಳು ಹೇಳುವುದಿಷ್ಟು: ಬೇಕಾದುದಕ್ಕಿಂತ ಹೆಚ್ಚು ನೀರು ಒಯ್ಯಿರಿ, ಕತ್ತಲಾದ ಮೇಲೆ ಓಡಿಸಬೇಡಿ, ವಾಹನ ಕೆಟ್ಟರೆ ಅದನ್ನು ಬಿಟ್ಟು ನಡೆದು ಹೋಗಬೇಡಿ, ಎಲ್ಲಿಗೆ ಹೋಗಿ ಎಂದು ಬರುತ್ತೀರೆಂದು ಯಾರಿಗಾದರೂ ತಿಳಿಸಿ ಹೊರಡಿ. ಎತ್ತಿನ ಜಾಗಕ್ಕೆ ಎಂಜಿನ್, ಕೆರೆಯ ಜಾಗಕ್ಕೆ ಪೆಟ್ರೋಲ್ ಬಂಕು ಬಂದಿದೆ, ಅಷ್ಟೆ.

ಬದಲಾದ ಲೆಕ್ಕ

1870ರಲ್ಲಿ ಮುಂಬಯಿ–ಕಲ್ಕತ್ತೆ ಹಳಿಗಳು ಜಬಲ್ಪುರದಲ್ಲೂ, 1871ರಲ್ಲಿ ಮದರಾಸು–ಮುಂಬಯಿ ಹಳಿಗಳು ರಾಯಚೂರಿನಲ್ಲೂ ಕೂಡಿದ ಮೇಲೆ ತಿಂಗಳುಗಳ ದಾರಿ ದಿನಗಳಿಗೆ ಇಳಿಯಿತು. ಹರದಾರಿಗಳ ಲೆಕ್ಕದಲ್ಲಿ ದಾರಿಬದಿಗೆ ಕಟ್ಟುತ್ತಿದ್ದ ಛತ್ರಗಳು ರೈಲು ನಿಲ್ದಾಣದ ಎದುರಿಗೆ ಬಂದವು. ಗುಬ್ಬಿ ತೋಟದಪ್ಪನವರು ಬೆಂಗಳೂರಿನ ನಿಲ್ದಾಣದ ಸಮೀಪ ಕಟ್ಟಿಸಿ, 1903ರಲ್ಲಿ ಆರಂಭವಾದ ಧರ್ಮಛತ್ರ ಇದಕ್ಕೆ ಒಳ್ಳೆಯ ಉದಾಹರಣೆ. ಹೊರಡುವ ದಿನಕ್ಕಿಂತ ತಲುಪುವ ಸಮಯ ಮುಖ್ಯವಾಯಿತು. ದಾರಿಯ ನಡುವಿನ ಕೆರೆ ಕಲ್ಯಾಣಿಗಳನ್ನು ಯಾತ್ರಿಕರು ಕೇಳುವುದು ನಿಂತಿತು. ಕೇಳುವವರಿಲ್ಲದ ಮೇಲೆ ಅನೇಕವು ಹೂತುಹೋದವು.

ರಜೆ ಬಂತೆಂದರೆ ಬೆಂಗಳೂರಿನ ಸಂಸಾರಗಳು ಈಗ ವ್ಯಾನು ಮಾಡಿಕೊಂಡು ವಾರಗಟ್ಟಲೆ ಸುತ್ತಲು ಹೊರಡುತ್ತವೆ. ದಾರಿ ತೋರಲು ಕೈಯಲ್ಲೇ ಫೋನಿದೆ. ಆದರೆ ಕಾಡಿನ ನಡುವೆ ಅದರ ಸಂಕೇತ ಸಿಗದ ಜಾಗಗಳು ಈಗಲೂ ಇವೆ, ಅಲ್ಲಿ ಹಳೆಯ ಪ್ರಶ್ನೆಗಳೇ ಉಳಿಯುತ್ತವೆ. ಮುಂದಿನ ನೀರು ಎಲ್ಲಿ? ಕತ್ತಲಾಗುವ ಮೊದಲು ಅಲ್ಲಿಗೆ ತಲುಪುತ್ತೇವೆಯೇ? ಜತೆಯಲ್ಲಿರುವ ಅತಿ ಚಿಕ್ಕವರು, ಅತಿ ಹಿರಿಯರು ಎಷ್ಟು ಹೊತ್ತು ತಡೆಯಬಲ್ಲರು? ನಾವು ಹೇಳಿದ ದಿನಕ್ಕೆ ಬರದಿದ್ದರೆ ಹುಡುಕಿಕೊಂಡು ಬರಲು ಮನೆಯಲ್ಲಿ ಉಳಿದವರಿಗೆ ನಮ್ಮ ದಾರಿ ಗೊತ್ತಿದೆಯೇ? ಬಂಡಿ ಕಟ್ಟುವ ಮುನ್ನ ಹಿರಿಯರು ಕೇಳಿಕೊಳ್ಳುತ್ತಿದ್ದುದೂ ಇವನ್ನೇ. ವ್ಯಾನಿನ ಬಾಗಿಲು ಹಾಕುವ ಮುನ್ನ ಕೇಳಿಕೊಳ್ಳಲು ಐದು ನಿಮಿಷ ಸಾಕು.