ಬೈಕಿನ ಇಂಡಿಕೇಟರಿಗೆ ಎಲ್.ಇ.ಡಿ. ಹಾಕುವ ಮುನ್ನ

ಮೈಸೂರಿನಿಂದ ನಂಜನಗೂಡು ದಾಟಿ ಬರುವ ಹೆದ್ದಾರಿ ಗುಂಡ್ಲುಪೇಟೆಯಲ್ಲಿ ಕವಲೊಡೆಯುತ್ತದೆ. ಒಂದು ಕವಲು ಸುಲ್ತಾನ್ ಬತ್ತೇರಿಯ ಕಡೆಗೆ ಕೇರಳಕ್ಕೆ ಹೋಗುತ್ತದೆ, ಇನ್ನೊಂದು ಬಂಡೀಪುರದ ಮೂಲಕ ಊಟಿಗೆ. ತೆರಕಣಾಂಬಿಯ ಮೇಲೆ ಚಾಮರಾಜನಗರಕ್ಕೆ ಹೋಗುವ ರಸ್ತೆಯೂ ಇದೇ ಊರಿನಿಂದ ಹೊರಡುತ್ತದೆ. 2009ರಿಂದ ಬಂಡೀಪುರದ ಕಾಡಿನೊಳಗೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನಗಳ ಸಂಚಾರಕ್ಕೆ ನಿರ್ಬಂಧವಿದೆ. ಆದ್ದರಿಂದ ಗೇಟು ಮುಚ್ಚುವುದರೊಳಗೆ ಕಾಡು ದಾಟಬೇಕೆಂಬ ಅವಸರ ಸಂಜೆಯ ಹೊತ್ತು ಈ ರಸ್ತೆಗಳಲ್ಲಿ ಇದ್ದೇ ಇರುತ್ತದೆ. ತರಕಾರಿ ತುಂಬಿದ ಲಾರಿ, ಬಸ್ಸು, ಪ್ರವಾಸಿಗರ ಕಾರುಗಳ ನಡುವೆ ಒಂದು ಮೋಟಾರ್ ಸೈಕಲ್ಲು ಹೋಗುತ್ತಿದೆ ಎನ್ನೋಣ. ಅದರ ಸವಾರ ಎತ್ತ ತಿರುಗುತ್ತಾನೆ ಎಂಬುದು ಹಿಂದಿನ ಲಾರಿ ಚಾಲಕನಿಗೆ ತಿಳಿಯುವುದು ಹೇಗೆ? ಬೈಕಿನ ಹಿಂಭಾಗದಲ್ಲಿ ಮಿನುಗುವ ಒಂದು ಪುಟ್ಟ ದೀಪದಿಂದ. ಇಂಡಿಕೇಟರ್ ಎಂದು ನಾವೆಲ್ಲ ಕರೆಯುವ ಆ ದೀಪ, ಸವಾರ ಹಿಂದಿನವರಿಗೆ ಕೊಡುವ ಮಾತು.

ಈಗ ಬರುವ ಹಲವು ಹೊಸ ಬೈಕುಗಳಲ್ಲಿ ಈ ದೀಪಗಳು ಕಾರ್ಖಾನೆಯಿಂದಲೇ ಎಲ್.ಇ.ಡಿ. ಆಗಿ ಬರುತ್ತವೆ. ಹಳೆಯ ಬೈಕು ಇಟ್ಟುಕೊಂಡವರು ಅಂಗಡಿಯಿಂದ ಎಲ್.ಇ.ಡಿ. ಇಂಡಿಕೇಟರುಗಳನ್ನು ತಂದು ತಾವೇ ಕೂರಿಸಿಕೊಳ್ಳುವುದೂ ಉಂಟು. "ಹಳೆಯದನ್ನು ಬಿಚ್ಚಿ ಹೊಸದನ್ನು ಸೇರಿಸಿದರೆ ಮುಗಿಯಿತು" ಎಂದು ಹೊರಟವರಿಗೆ ಒಂದು ಸೋಜಿಗ ಎದುರಾಗುತ್ತದೆ. ಕೆಲವು ಬೈಕುಗಳಲ್ಲಿ ದೀಪ ಹೊತ್ತಿಕೊಂಡೇ ನಿಲ್ಲುತ್ತದೆ. ಕೆಲವದರಲ್ಲಿ ವಿಪರೀತ ವೇಗದಲ್ಲಿ ಮಿನುಗುತ್ತದೆ. ಇನ್ನು ಕೆಲವದರಲ್ಲಿ ಎಡಕ್ಕೆ ಸ್ವಿಚ್ಚು ಒತ್ತಿದರೆ ನಾಲ್ಕೂ ದೀಪಗಳು ಒಟ್ಟಿಗೆ ಮಿನುಗುತ್ತವೆ. ದೀಪ ಚೆನ್ನಾಗಿದೆ, ಬ್ಯಾಟರಿಯೂ ಚೆನ್ನಾಗಿದೆ. ಹಾಗಾದರೆ ತಪ್ಪು ಎಲ್ಲಿ? ಶಾಲೆಯಲ್ಲಿ ನೀವು ಕಲಿತ ಓಮನ ನಿಯಮದಿಂದಲೇ ಇದಕ್ಕೆ ಉತ್ತರ ಕಂಡುಕೊಳ್ಳಬಹುದು.

ಬಲ್ಬು ಮತ್ತು ಡಯೋಡು

ಹಳೆಯ ಬಲ್ಬಿನಲ್ಲಿ ಟಂಗ್‌ಸ್ಟನ್ ತಂತಿಯ ಸಣ್ಣ ಸುರುಳಿ ಇರುತ್ತದೆ. ವಿದ್ಯುತ್ತು ಹರಿದಾಗ ಅದು ಕಾದು ಬೆಳಗುತ್ತದೆ. ನಮ್ಮ ಅನೇಕ ಬೈಕುಗಳಲ್ಲಿ ಬಳಸುವ ಇಂಡಿಕೇಟರ್ ಬಲ್ಬು 12 ವೋಲ್ಟ್, 10 ವ್ಯಾಟ್ ಸಾಮರ್ಥ್ಯದ್ದು. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಪ್ರವಾಹ ಸಿಗುತ್ತದೆ: 10ನ್ನು 12ರಿಂದ ಭಾಗಿಸಿದರೆ ಸುಮಾರು 0.83 ಆಂಪಿಯರ್. ಒಂದು ಬದಿಯಲ್ಲಿ ಮುಂದೊಂದು, ಹಿಂದೊಂದು, ಹೀಗೆ ಎರಡು ಬಲ್ಬುಗಳಿರುವುದರಿಂದ ಒಟ್ಟು ಸುಮಾರು 1.67 ಆಂಪಿಯರ್ ಹರಿಯುತ್ತದೆ.

ಎಲ್.ಇ.ಡಿ. ಎಂದರೆ ಬೆಳಕು ಸೂಸುವ ಡಯೋಡು. ಇದರಲ್ಲಿ ಕಾಯುವ ತಂತಿ ಇಲ್ಲ. ಅರೆವಾಹಕದ ಎರಡು ಪದರಗಳು ಕೂಡುವ ಸಂಧಿಯಲ್ಲಿ ಎಲೆಕ್ಟ್ರಾನುಗಳು ಕಳೆದುಕೊಳ್ಳುವ ಶಕ್ತಿಯೇ ಬೆಳಕಾಗಿ ಹೊರಬರುತ್ತದೆ. ಕಣ್ಣಿಗೆ ಕಾಣುವ ಕೆಂಪು ಬೆಳಕಿನ ಡಯೋಡನ್ನು 1962ರಲ್ಲಿ ಅಮೆರಿಕದ ನಿಕ್ ಹೊಲೊನ್ಯಾಕ್ ತಯಾರಿಸಿದರು. 1972ರಲ್ಲಿ ಜಾರ್ಜ್ ಕ್ರಾಫರ್ಡ್ ಹಳದಿ ಬೆಳಕಿನದನ್ನು ತಂದರು. ಹಗಲು ಬೆಳಕಿನಲ್ಲೂ ಕಾಣುವಷ್ಟು ಪ್ರಖರವಾದ ಹಳದಿಗಿತ್ತಳೆ ಬಣ್ಣದ ಡಯೋಡುಗಳು 1990ರ ದಶಕದಲ್ಲಿ ಬಂದ ಮೇಲೆ ವಾಹನಗಳಿಗೆ ಅವು ಒಗ್ಗಿದವು.

ಎಲ್.ಇ.ಡಿ. ಇಂಡಿಕೇಟರ್ ಒಂದಕ್ಕೆ 1 ವ್ಯಾಟ್ ಬೇಕೆಂದು ಹಿಡಿಯೋಣ. ಒಂದು ಬದಿಯ ಎರಡಕ್ಕೂ ಸೇರಿ ಸುಮಾರು 0.17 ಆಂಪಿಯರ್ ಸಾಕು. ಎಂದರೆ ಮೊದಲಿನ ಹತ್ತನೆಯ ಒಂದು ಭಾಗ! ಇಂಡಿಕೇಟರ್ ಉರಿಯುವುದು ಸ್ವಲ್ಪ ಹೊತ್ತು ಮಾತ್ರ; ಆದ್ದರಿಂದ ಇದರಿಂದ ಪೆಟ್ರೋಲು ಉಳಿಯುತ್ತದೆಂದು ಭಾವಿಸಬೇಡಿ. ನಿಜವಾದ ಲಾಭಗಳು ಬೇರೆ. ಹಳ್ಳಕೊಳ್ಳದ ರಸ್ತೆಯ ಕುಲುಕಾಟಕ್ಕೆ ತುಂಡಾಗುವ ತಂತಿ ಇದರಲ್ಲಿಲ್ಲ. ಬಲ್ಬು ಪೂರ್ಣವಾಗಿ ಬೆಳಗಲು ಸುಮಾರು 0.2 ಸೆಕೆಂಡು ಬೇಕು, ಎಲ್.ಇ.ಡಿ. ಒತ್ತಿದೊಡನೆ ಬೆಳಗುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುವ ವಾಹನ 0.2 ಸೆಕೆಂಡಿನಲ್ಲಿ 3 ಮೀಟರಿಗೂ ಹೆಚ್ಚು ದೂರ ಸಾಗಿರುತ್ತದೆ ಎಂಬುದನ್ನು ನೆನಪಿಡಿ.

ಮಿನುಗು ತಪ್ಪುವುದೇಕೆ?

ದೀಪವನ್ನು ಹೊತ್ತಿಸಿ ಆರಿಸುವ ಕೆಲಸ ಫ್ಲ್ಯಾಶರ್ ಎಂಬ ಸಣ್ಣ ಡಬ್ಬಿಯದು. ಹಳೆಯ ಬಗೆಯ ಫ್ಲ್ಯಾಶರಿನಲ್ಲಿ ಎರಡು ಲೋಹಗಳನ್ನು ಬೆಸೆದ ಪಟ್ಟಿ ಇರುತ್ತದೆ. ದೀಪಕ್ಕೆ ಹೋಗುವ ಪ್ರವಾಹದಿಂದ ಅದು ಕಾಯುತ್ತದೆ. ಒಂದು ಲೋಹ ಇನ್ನೊಂದಕ್ಕಿಂತ ಹೆಚ್ಚು ಹಿಗ್ಗುವುದರಿಂದ ಪಟ್ಟಿ ಬಾಗಿ ಸಂಪರ್ಕ ತಪ್ಪುತ್ತದೆ, ದೀಪ ಆರುತ್ತದೆ. ತಣಿದಾಗ ಪಟ್ಟಿ ಮತ್ತೆ ಮೊದಲಿನಂತಾಗುತ್ತದೆ, ದೀಪ ಹೊತ್ತುತ್ತದೆ. ಎಲ್.ಇ.ಡಿ. ಹಾಕಿದಾಗ ಪ್ರವಾಹ ಹತ್ತನೆಯ ಒಂದು ಭಾಗಕ್ಕೆ ಇಳಿಯಿತಷ್ಟೆ? ಪಟ್ಟಿ ಸಾಕಷ್ಟು ಕಾಯುವುದಿಲ್ಲ, ಬಾಗುವುದೂ ಇಲ್ಲ. ದೀಪ ಹೊತ್ತಿಕೊಂಡೇ ಉಳಿಯುತ್ತದೆ.

ಹಲವು ಎಲೆಕ್ಟ್ರಾನಿಕ್ ಫ್ಲ್ಯಾಶರುಗಳು ಬೇರೆ ರೀತಿಯವು. ಅವು ಪ್ರವಾಹವನ್ನು ಅಳೆಯುತ್ತಿರುತ್ತವೆ. ಒಂದು ಬಲ್ಬು ಸುಟ್ಟುಹೋಗಿ ಪ್ರವಾಹ ಅರ್ಧಕ್ಕೆ ಇಳಿದರೆ, ಸವಾರನನ್ನು ಎಚ್ಚರಿಸಲು ಮಿನುಗುವ ವೇಗವನ್ನು ಸುಮಾರು ಇಮ್ಮಡಿ ಮಾಡುತ್ತವೆ. ಎಲ್.ಇ.ಡಿ.ಯ ಕಡಿಮೆ ಪ್ರವಾಹವನ್ನು ಕಂಡ ಇಂಥ ಫ್ಲ್ಯಾಶರ್, ಬಲ್ಬು ಸುಟ್ಟಿದೆ ಎಂದೇ ತಿಳಿಯುತ್ತದೆ. ಅತಿವೇಗದ ಮಿನುಗಿಗೆ ಕಾರಣ ಇದು. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಪ್ರಕಾರ ಇಂಡಿಕೇಟರ್ ನಿಮಿಷಕ್ಕೆ 60ಕ್ಕಿಂತ ಕಡಿಮೆಯಾಗಲಿ 120ಕ್ಕಿಂತ ಹೆಚ್ಚಾಗಲಿ ಮಿನುಗಬಾರದು.

ಪರಿಹಾರಗಳು ಎರಡು. ಮೊದಲನೆಯದು, ಎಲ್.ಇ.ಡಿ.ಗೆಂದೇ ತಯಾರಾದ ಫ್ಲ್ಯಾಶರ್ ಹಾಕುವುದು. ಇದು ದೀಪದ ಪ್ರವಾಹವನ್ನು ನೆಚ್ಚದೆ ತನ್ನದೇ ಲೆಕ್ಕದಲ್ಲಿ ಮಿನುಗಿಸುತ್ತದೆ. ಎರಡನೆಯದು, ಪ್ರತಿ ಎಲ್.ಇ.ಡಿ.ಗೆ ಸಮಾಂತರವಾಗಿ ಒಂದು ರೋಧಕವನ್ನು ಜೋಡಿಸಿ, ಕಡಿಮೆಯಾದ 9 ವ್ಯಾಟನ್ನು ಅದರಲ್ಲಿ ವ್ಯಯಿಸುವುದು. 12ರ ವರ್ಗ 144. ಅದನ್ನು 9ರಿಂದ ಭಾಗಿಸಿದರೆ 16 ಓಮ್ ರೋಧಕ ಬೇಕೆಂದಾಯಿತು. ಎಂಜಿನ್ ಓಡುವಾಗ ವೋಲ್ಟೇಜು 14ರ ಹತ್ತಿರ ಇರುವುದರಿಂದ, ದೀಪ ಹೊತ್ತಿರುವಷ್ಟು ಹೊತ್ತು ಇದೇ ರೋಧಕದಲ್ಲಿ 12 ವ್ಯಾಟಿಗೂ ಹೆಚ್ಚು ಶಾಖ ಹುಟ್ಟುತ್ತದೆ. ಅದಕ್ಕಾಗಿ 25 ವ್ಯಾಟಿನ ರೋಧಕವನ್ನೇ ಆರಿಸಿ, ತಂತಿಗಳಿಂದ ಮತ್ತು ಪ್ಲಾಸ್ಟಿಕ್ಕಿನಿಂದ ದೂರ, ಲೋಹದ ಭಾಗಕ್ಕೆ ಕೂರಿಸಬೇಕು. ಉಳಿಸಿದ ವಿದ್ಯುತ್ತನ್ನೆಲ್ಲ ಮತ್ತೆ ಶಾಖ ಮಾಡಿ ಕಳೆಯುವ ಈ ದಾರಿಗಿಂತ ಮೊದಲನೆಯದೇ ಲೇಸು.

ನಾಲ್ಕೂ ದೀಪ ಮಿನುಗಿದರೆ

ಮೂರನೆಯ ತೊಂದರೆ ಎಲ್ಲಕ್ಕಿಂತ ಅಪಾಯದ್ದು. ಎಡಕ್ಕೆ ತಿರುಗುವವನ ಬಲದ ದೀಪವೂ ಮಿನುಗಿದರೆ ಹಿಂದಿನ ಚಾಲಕ ಏನೆಂದು ತಿಳಿಯಬೇಕು? ಸುಳ್ಳು ಸೂಚನೆ ಸೂಚನೆಯೇ ಇಲ್ಲದಿರುವುದಕ್ಕಿಂತ ಕೆಟ್ಟದ್ದು.

ಹಲವು ಹಳೆಯ ಬೈಕುಗಳ ಮೀಟರ್ ಫಲಕದಲ್ಲಿ ಎರಡೂ ಬದಿಗೆ ಸೇರಿ ಒಂದೇ ಸೂಚಕ ದೀಪವಿರುತ್ತದೆ. ಅದರ ಒಂದು ತುದಿ ಎಡಬದಿಯ ತಂತಿಗೆ, ಇನ್ನೊಂದು ತುದಿ ಬಲಬದಿಯ ತಂತಿಗೆ ಸೇರಿರುತ್ತದೆ. ಎಡದ ಸ್ವಿಚ್ಚು ಒತ್ತಿದಾಗ ಪ್ರವಾಹ ಈ ಸಣ್ಣ ದೀಪವನ್ನು ಹಾದು, ಬಲಬದಿಯ ಬಲ್ಬುಗಳ ಮೂಲಕ ಅರ್ಥಿಂಗ್ ಸೇರುತ್ತದೆ. ಹಾಗಾದರೆ ಬಲದ ಬಲ್ಬುಗಳು ಏಕೆ ಬೆಳಗುವುದಿಲ್ಲ? ಲೆಕ್ಕ ಮಾಡಿ ನೋಡಿ. ಮೀಟರ್ ದೀಪ 3 ವ್ಯಾಟಿನದಾದರೆ ಅದರ ರೋಧ 48 ಓಮ್. ಬಲಬದಿಯ ಎರಡು ಬಲ್ಬುಗಳು ತಣ್ಣಗಿರುವಾಗ ಅವೆರಡರ ಒಟ್ಟು ರೋಧ ಒಂದು ಓಮಿನ ಆಸುಪಾಸು. ಸರಣಿ ಜೋಡಣೆಯಲ್ಲಿ ವೋಲ್ಟೇಜು ರೋಧಕ್ಕೆ ತಕ್ಕಂತೆ ಹಂಚಿಹೋಗುತ್ತದೆ. 12 ವೋಲ್ಟಿನಲ್ಲಿ ಬಲದ ಬಲ್ಬುಗಳ ಪಾಲಿಗೆ ಸಿಗುವುದು ಕಾಲು ವೋಲ್ಟಿನಷ್ಟು ಮಾತ್ರ. ಅವು ಬರಿಯ ದಾರಿಯಾಗಿ ಕೆಲಸ ಮಾಡುತ್ತವೆ, ಬೆಳಗುವುದಿಲ್ಲ.

ಬಲ್ಬುಗಳ ಜಾಗಕ್ಕೆ ಎಲ್.ಇ.ಡಿ. ಬಂದಾಗ ಪಾಲು ತಿರುಗುಮುರುಗಾಗುತ್ತದೆ. ಎಲ್.ಇ.ಡಿ.ಗೆ ಬೇಕಾದ ಅಲ್ಪ ಪ್ರವಾಹ ಮೀಟರ್ ದೀಪವನ್ನು ಸುಲಭವಾಗಿ ದಾಟಿ ಬರುತ್ತದೆ, ವೋಲ್ಟೇಜಿನ ಬಹುಪಾಲು ಎಲ್.ಇ.ಡಿ.ಗೇ ಸಿಗುತ್ತದೆ. ಮೀಟರ್ ದೀಪ ಮಂಕಾಗುತ್ತದೆ, ಬೈಕಿನ ನಾಲ್ಕೂ ದೀಪಗಳು ಮಿನುಗುತ್ತವೆ. ಫ್ಲ್ಯಾಶರ್ ಬದಲಾಯಿಸಿದರೂ ಇದು ಸರಿಹೋಗುವುದಿಲ್ಲ.

ಇದನ್ನು ಸರಿಪಡಿಸಲು ಕೆಲವೇ ರೂಪಾಯಿ ಬೆಲೆಯ ಎರಡು ಡಯೋಡುಗಳು ಸಾಕು. 1ಎನ್4007 ಎಂಬುದು ಎಲ್ಲ ರೇಡಿಯೋ ರಿಪೇರಿ ಅಂಗಡಿಗಳಿಗೂ ಪರಿಚಿತ. ಎಡದ ತಂತಿಯಿಂದ ಒಂದು, ಬಲದ ತಂತಿಯಿಂದ ಒಂದು ಡಯೋಡನ್ನು ತಂದು, ಬಿಳಿ ಪಟ್ಟಿಯಿರುವ ತುದಿಗಳನ್ನು ಒಟ್ಟಿಗೆ ಸೇರಿಸಿ ಮೀಟರ್ ದೀಪದ ಒಂದು ತುದಿಗೆ ಕೊಡಬೇಕು. ದೀಪದ ಇನ್ನೊಂದು ತುದಿಯನ್ನು ನೇರವಾಗಿ ಅರ್ಥಿಂಗಿಗೆ ಸೇರಿಸಬೇಕು. ಡಯೋಡು ಪ್ರವಾಹವನ್ನು ಒಂದೇ ದಿಕ್ಕಿಗೆ ಬಿಡುವುದರಿಂದ ಒಂದು ಬದಿಯ ವಿದ್ಯುತ್ತು ಮತ್ತೊಂದು ಬದಿಗೆ ನುಗ್ಗಲಾರದು. ಮೀಟರಿನಲ್ಲಿ ಎಡಕ್ಕೊಂದು ಬಲಕ್ಕೊಂದು ಪ್ರತ್ಯೇಕ ದೀಪವಿದ್ದು, ಎರಡೂ ಅರ್ಥಿಂಗಿಗೆ ಸೇರಿದ್ದರೆ ಈ ತೊಂದರೆಯೇ ಇಲ್ಲ.

ಜೋಡಿಸುವ ಕ್ರಮ

ಮೊದಲು ಬ್ಯಾಟರಿಯ ಋಣ ತಂತಿಯನ್ನು ಬಿಚ್ಚಿ. ಒಂದು ಬಾರಿಗೆ ಒಂದೇ ದೀಪ ತೆಗೆಯಿರಿ. ಯಾವ ತಂತಿ ಎಲ್ಲಿತ್ತೆಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಹೋಂಡಾ ವಿನ್ಯಾಸದ ಬೈಕುಗಳಲ್ಲಿ ಸಾಮಾನ್ಯವಾಗಿ ಎಡಕ್ಕೆ ಕಿತ್ತಳೆ, ಬಲಕ್ಕೆ ತಿಳಿನೀಲಿ, ಅರ್ಥಿಂಗಿಗೆ ಹಸಿರು ತಂತಿ ಇರುತ್ತದೆ. ಬೇರೆ ತಯಾರಕರ ಪದ್ಧತಿ ಬೇರೆ. ಬಣ್ಣವನ್ನೇ ನಂಬದೆ ಮಲ್ಟಿಮೀಟರಿನಿಂದ ಪರೀಕ್ಷಿಸುವುದು ಒಳ್ಳೆಯದು. ಆ ಪರೀಕ್ಷೆಯ ಹೊತ್ತಿಗೆ ಮಾತ್ರ ಬ್ಯಾಟರಿ ಸೇರಿಸಿಕೊಳ್ಳಿ. ಬಲ್ಬಿಗೆ ಧನ ಋಣಗಳ ಭೇದವಿಲ್ಲ, ಎಲ್.ಇ.ಡಿ.ಗೆ ಇದೆ. ತಿರುಗಿಸಿ ಕೊಟ್ಟರೆ ಅದು ಬೆಳಗುವುದಿಲ್ಲ.

ಮೂಲ ತಂತಿಯನ್ನು ಕತ್ತರಿಸದೆ, ಅದಕ್ಕೆ ಹೊಂದುವ ಕನೆಕ್ಟರ್ ಬಳಸಿ. ಬೆಸುಗೆ ಹಾಕಿದ ಕಡೆ ಶಾಖಕ್ಕೆ ಕುಗ್ಗುವ ಕೊಳವೆ ತೊಡಿಸಿ. ಹಿಂದಿನ ತಂತಿ ಚಕ್ರಕ್ಕೆ ತಗುಲದಂತೆ, ಮುಂದಿನ ತಂತಿ ಹ್ಯಾಂಡಲ್ಲನ್ನು ಎರಡೂ ಕೊನೆಗೆ ತಿರುಗಿಸಿದಾಗ ಜಗ್ಗದಂತೆ ಕಟ್ಟಿ. ದೀಪಗಳನ್ನು ತಯಾರಕರು ಇಟ್ಟಿದ್ದ ಜಾಗದಲ್ಲೇ, ಅಷ್ಟೇ ಅಂತರದಲ್ಲಿ ಕೂರಿಸಿ. ನಂಬರ್ ಪ್ಲೇಟಿನ ಪಕ್ಕಕ್ಕೆ ಒತ್ತರಿಸಿ ಕೂರಿಸಿದ ಎರಡು ದೀಪಗಳು ದೂರದಿಂದ ಒಂದೇ ಚುಕ್ಕಿಯಂತೆ ಕಂಡು, ಎಡ ಯಾವುದು ಬಲ ಯಾವುದು ಎಂದು ತಿಳಿಯುವುದಿಲ್ಲ.

ಬಣ್ಣದ ವಿಷಯದಲ್ಲಿ ಹುಡುಗಾಟ ಸಲ್ಲದು. ನಿಯಮದ ಪ್ರಕಾರ ಇಂಡಿಕೇಟರಿನ ಬೆಳಕು ಅಂಬರ್, ಎಂದರೆ ಹಳದಿಗಿತ್ತಳೆ, ಬಣ್ಣದ್ದೇ ಆಗಿರಬೇಕು. ಕೆಂಪು ಬಣ್ಣ ಬ್ರೇಕಿನದು, ಬಿಳಿ ಮುಂದೀಪದ್ದು. ನೀಲಿ ಅಥವಾ ಬಣ್ಣ ಬದಲಾಯಿಸುವ ದೀಪ ನೋಡಲು ಚೆನ್ನಾಗಿರಬಹುದು, ಹಿಂದಿನವರಿಗೆ ಅದರ ಅರ್ಥ ತಿಳಿಯುವುದಿಲ್ಲ. ತಯಾರಕರ ಮೂಲ ವಿವರಕ್ಕೆ ಹೊಂದದಂತೆ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯಿದೆ, 1988ರ 52ನೆಯ ಕಲಮು ನಿಷೇಧಿಸುತ್ತದೆ. ಆದ್ದರಿಂದ ನಿಮ್ಮ ಮಾದರಿಯ ಬೈಕಿಗೆ ಒಪ್ಪಿತವಾದ ದೀಪವನ್ನೇ ಕೊಳ್ಳಿ. ಸಂದೇಹವಿದ್ದರೆ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ. ಹದಿನೆಂಟು ತುಂಬದವರು, ಪರವಾನಗಿ ಇಲ್ಲದವರು ಈ ಕೆಲಸವನ್ನು ಹಿರಿಯರ ಜೊತೆ ಕೂತು ಕಲಿಯಬಹುದು, ಬೈಕನ್ನು ರಸ್ತೆಗೆ ಒಯ್ಯುವಂತಿಲ್ಲ.

ಕೊನೆಯ ಪರೀಕ್ಷೆ

ಎಲ್ಲ ಮುಗಿದ ಮೇಲೆ ಎಂಜಿನ್ ಚಾಲೂ ಮಾಡಿ, ಮುಂದೀಪ ಹೊತ್ತಿಸಿ, ಬ್ರೇಕ್ ಹಿಡಿದು, ಎಡದ ಇಂಡಿಕೇಟರ್ ಹಾಕಿ. ಗಡಿಯಾರ ನೋಡಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಮಿನುಗಿತೆಂದು ಎಣಿಸಿ. ಲೆಕ್ಕ 30ರಿಂದ 60ರೊಳಗೆ ಇದ್ದರೆ ಸರಿ. ಬಲದ ದೀಪಗಳು ಪೂರ್ತಿ ಆರಿಯೇ ಇರಬೇಕು. ಬಳಿಕ ಬಲಕ್ಕೂ ಹೀಗೆಯೇ ನೋಡಿ.

ಇಷ್ಟಕ್ಕೆ ಪರೀಕ್ಷೆ ಮುಗಿಯಲಿಲ್ಲ. ರಾತ್ರಿಯ ಕತ್ತಲಲ್ಲಿ ಎಂಥ ದೀಪವೂ ಚೆನ್ನಾಗಿಯೇ ಕಾಣುತ್ತದೆ. ನಡುಹಗಲಿನ ಬಿಸಿಲಿನಲ್ಲಿ ಬೈಕನ್ನು ಅಂಗಳದಲ್ಲಿ ನಿಲ್ಲಿಸಿ, ಗೆಳೆಯನೊಬ್ಬನನ್ನು ಮೂವತ್ತು ಹೆಜ್ಜೆ ಹಿಂದಕ್ಕೆ ಕಳುಹಿಸಿ. ನೇರ ಹಿಂದಿನಿಂದಲೂ, ಸ್ವಲ್ಪ ಎಡಬಲಕ್ಕೆ ಸರಿದೂ ಅವನು ನೋಡಲಿ. ಸ್ವಿಚ್ಚಿನ ಕಡೆ ನೋಡದೆಯೇ "ಎಡ", "ಬಲ" ಎಂದು ಅವನು ತಡವರಿಸದೆ ಹೇಳಿದರೆ ನಿಮ್ಮ ಕೆಲಸ ಸರಿಯಾಗಿದೆ. ಒಮ್ಮೆ ತಡವರಿಸಿದರೂ ಹಳೆಯ ಬಲ್ಬನ್ನೇ ಮರಳಿ ಹಾಕಿ. ಗುಂಡ್ಲುಪೇಟೆಯ ಕವಲಿನಲ್ಲಿ ಲಾರಿ ಚಾಲಕನಿಗೆ ಎರಡನೆಯ ಬಾರಿ ನೋಡುವಷ್ಟು ಸಮಯ ಇರುವುದಿಲ್ಲ.