ದಿನ ದಾಟಿದ ಕೂಸು

ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನ ವರಾಂಡದಲ್ಲಿ ಬೆಳಿಗ್ಗೆ ಎಂಟಕ್ಕೇ ಗಂಟುಗಳ ಸಾಲು. ರೊಟ್ಟಿ ಕಟ್ಟಿದ ವಸ್ತ್ರ, ಬಿಸಿನೀರಿನ ಥರ್ಮಾಸು, ಹಳೆ ಸೀರೆ ಹರಿದು ಒಗೆದು ಮಡಿಸಿಟ್ಟ ಮೆತ್ತನೆ ಅರಿವೆ, ಒಂದೊಂದು ಕೌದಿ. ಮಿರಗ ಮಳೆ ಮುಗಿದು ಆರಿದ್ರಾ ಹಿಡಿದಿದೆ. ಹಾವೇರಿ ಜಿಲ್ಲೆಯ ಈ ಕಡೆ ಗೋವಿನಜೋಳದ ಹೊಲದಲ್ಲಿ ಬಿಡುವಿಲ್ಲದ ಹೊತ್ತು. ಗಂಡಸರು ಬಂದು ಮುಖ ತೋರಿಸಿ ಹೋಗುತ್ತಾರೆ, ಉಳಿಯುವವರು ಹೆಂಗಸರು. ತಗಡಿನ ಮಾಡಿನ ಮೇಲೆ ಮಳೆ ಜೋರಾದಾಗ ಮಾತು ನಿಲ್ಲುತ್ತದೆ, ಕಡಿಮೆಯಾದಾಗ ಬಿಟ್ಟಲ್ಲಿಂದ ಮುಂದುವರಿಯುತ್ತದೆ.

ಒಳಗೆ ಕಿಟಕಿ ಪಕ್ಕದ ಮಂಚದಲ್ಲಿ ನನ್ನ ಅಕ್ಕನ ಮಗಳು. ಚೊಚ್ಚಲು. ತಾಯಿ ಕಾರ್ಡಿನಲ್ಲಿ ಹೆರಿಗೆಯ ತಾರೀಖು ಜೂನ್ 19 ಎಂದು ಬರೆದಿದೆ. ಈವತ್ತು 26.

ಆ ತಾರೀಖು ಬಂದದ್ದು ಅವಳ ನೆನಪಿನಿಂದಲೇ. ‘ಐದು ದಿನದ ಗಣಪ್ಪನ್ನ ಕಳಿಸಿದ ಮರುದಿನ ಹೊರಗಾಗಿದ್ದೆ’ ಎಂದು ಅವಳು ಹೇಳಿದ್ದನ್ನು ಆರೋಗ್ಯ ಕೇಂದ್ರದ ಸಿಸ್ಟರ್ ಕ್ಯಾಲೆಂಡರ್ ತಿರುವಿ ಸೆಪ್ಟೆಂಬರ್ 12 ಎಂದು ಗುರುತು ಹಾಕಿಕೊಂಡಿದ್ದರು. ಅಲ್ಲಿಂದ ಒಂಬತ್ತು ತಿಂಗಳು ಏಳು ದಿನ, ಒಟ್ಟು 280 ದಿನ. ಸುಮಾರು ಇನ್ನೂರು ವರ್ಷದ ಹಿಂದಿನ ಜರ್ಮನ್ ಪ್ರಸೂತಿ ವೈದ್ಯ ಫ್ರಾಂಝ್ ನೇಗೆಲೆಯ ಹೆಸರಿನಲ್ಲಿ ಉಳಿದು ಬಂದ ಲೆಕ್ಕ ಅದು. ನಮ್ಮ ಆಯಿಯ ಲೆಕ್ಕದಲ್ಲಿ ಒಂಬತ್ತು ತಿಂಗಳು ಒಂಬತ್ತು ದಿನ. ಪುಸ್ತಕ ನೋಡದವಳ ಲೆಕ್ಕಕ್ಕೂ ವೈದ್ಯನ ಲೆಕ್ಕಕ್ಕೂ ಎರಡೇ ದಿನದ ಅಂತರ ಎನ್ನುವುದು ನನಗೆ ಯಾವತ್ತೂ ಸೋಜಿಗ. ಬೆರಳು ಮಡಿಸಿ ಎಣಿಸಿದ ಎಷ್ಟು ತಲೆಮಾರುಗಳ ಬಸುರು ಆ ಮಾತಿನಲ್ಲಿದೆಯೋ!

ಹಾಗಂತ ಕೂಸು ತಾರೀಖು ನೋಡಿ ಬರುವುದಿಲ್ಲ. ಬರೆದ ದಿನವೇ ಹುಟ್ಟುವ ಮಕ್ಕಳು ಇಪ್ಪತ್ತಕ್ಕೆ ಒಂದರಷ್ಟು. 37 ವಾರ ತುಂಬಿದ ಮೇಲೆ 42ರ ಒಳಗೆ ಯಾವಾಗ ಹುಟ್ಟಿದರೂ ದಿನ ತುಂಬಿದ ಕೂಸೇ. ಚೊಚ್ಚಲು ಒಂದಷ್ಟು ದಿನ ಮುಂದಕ್ಕೆ ಹೋಗುವುದು ಹೊಸದೂ ಅಲ್ಲ. ಆದರೆ 19ನೇ ತಾರೀಖು ದಾಟಿದ್ದೇ ತಡ, ಮನೆಯ ಫೋನು ಬಿಡುವು ಕಾಣಲಿಲ್ಲ. ‘ಇನ್ನೂ ಹಡದಿಲ್ಲೇನ?’ ಬೀಗರದೂ ಅದೇ ಪ್ರಶ್ನೆ, ಓಣಿಯವರದೂ ಅದೇ. ಅಕ್ಕ ಅಂಟಿನುಂಡಿ ಕಟ್ಟಿ ಡಬ್ಬಿ ತುಂಬಿಸಿಟ್ಟು ಆಗಿತ್ತು. ಆ ಡಬ್ಬಿ ಕಂಡರೂ ಹುಡುಗಿ ಮುಖ ತಿರುಗಿಸುತ್ತಿದ್ದಳು. ಅಕ್ಕರೆಯಿಂದಲೇ ಕೇಳುವ ಪ್ರಶ್ನೆ ಇರಬಹುದು. ಆದರೂ ದಿನ ದಾಟಿದ ಬಸುರಿಯನ್ನು ಯಾರೂ ಅದನ್ನು ಕೇಳಬಾರದು. ತನ್ನ ಮೈಯೇ ತನ್ನ ಮಾತು ಕೇಳುತ್ತಿಲ್ಲ ಎಂದು ಅವಳು ಒಳಗೊಳಗೇ ಕುಗ್ಗಿರುತ್ತಾಳೆ.

ಡಾಕ್ಟರ್ ಬಾಯಿ ಬಂದು ಹಿಂದಿನ ದಿನದ ಸ್ಕ್ಯಾನ್ ಹಾಳೆ ನೋಡಿದರು. ಕೂಸಿನ ಸುತ್ತಲ ನೀರು ಇಳಿದಿದೆ. 41 ವಾರ ತುಂಬಿದೆ. ಬ್ಯಾನಿ ಬರಿಸಬೇಕು ಎಂದರು.

‘ತಾನಾ ಬರಬೇಕ್ರಿ ಬ್ಯಾನಿ. ಔಷಧ ಹಾಕಿ ಬರಿಸಿದ್ರ ಕಡೀಕ ಹೊಟ್ಟಿ ಕೊಯ್ಯೂದ ಆಗ್ತೈತಿ ಅಂತಾರ’ ಎಂದಳು ಅಕ್ಕ. ವರಾಂಡದ ಅರ್ಧ ಜನ ಅದಕ್ಕೆ ತಲೆಯಾಡಿಸಿದರು.

ಬಾಯಿ ಸಿಟ್ಟಾಗಲಿಲ್ಲ. ‘ಹೊಕ್ಕುಳಬಳ್ಳಿ ಹಚ್ಚಿಕೊಂಡಿರೋ ಮಾಸು ಐತಲ್ರಿ, ಅದಕ್ಕೂ ವಯಸ್ಸಾಗ್ತೈತಿ. ಇಷ್ಟು ದಿನ ಕೂಸಿಗೆ ಉಣಿಸಿದ್ದು ಅದ. ಇನ್ನ ಕಾದಷ್ಟೂ ಕೂಸಿಗೆ ಕಮ್ಮಿ ಬೀಳ್ತೈತಿ’ ಎಂದು ನಿಂತೇ ಬಿಡಿಸಿ ಹೇಳಿದರು. ಅವರ ಮಾತಿನ ಹಿಂದೆ ಇದ್ದದ್ದನ್ನು ನಾನು ಅಕ್ಕನಿಗೆ ಆಮೇಲೆ ಹೇಳಿದೆ. ಸ್ವೀಡನ್ನಿನ 14 ಆಸ್ಪತ್ರೆಗಳಲ್ಲಿ 2,760 ಬಸುರಿಯರನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ 41 ವಾರಕ್ಕೆ ಬ್ಯಾನಿ ಬರಿಸುವುದು, ಇನ್ನೊಂದಕ್ಕೆ 42 ವಾರದವರೆಗೆ ಕಾಯುವುದು. ಕಾದ ಗುಂಪಿನಲ್ಲಿ ಆರು ಕೂಸುಗಳು ಉಳಿಯಲಿಲ್ಲ, ಮೊದಲ ಗುಂಪಿನಲ್ಲಿ ಒಂದೂ ಹೋಗಲಿಲ್ಲ. ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಿದರು. 2019ರಲ್ಲಿ ಅದು ಪ್ರಕಟವಾಯಿತು. ಸಿಜೇರಿಯನ್ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಸಮ. ಅಕ್ಕ ಬಹಳ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, ‘ಆರು ಅಂದ್ರ ಆರು ಮನಿ’ ಎಂದಳು.

ಸಿಸ್ಟರ್ ಕೈಗವಸು ಹಾಕಿಕೊಂಡರು. ‘ತಂಗಿ, ಈಗ ಕೈ ಹಾಕಿ ನೋಡ್ತೇನಿ. ಬಾಯಿಲೆ ಉಸಿರು ಬಿಡು. ತಾಳಲಾರದಂಗಾದ್ರ ಹೇಳು, ನಿಲ್ಲಸ್ತೇನಿ.’ ಗರ್ಭಕೋಶದ ಬಾಯಿ ಎಷ್ಟು ತೆರೆದಿದೆ, ಎಷ್ಟು ತೆಳುವಾಗಿದೆ, ಹಿಂದಕ್ಕಿದೆಯೋ ಮುಂದಕ್ಕೆ ಬಂದಿದೆಯೋ, ಕೂಸಿನ ತಲೆ ಎಷ್ಟು ಇಳಿದಿದೆ, ಮುಟ್ಟಿದರೆ ಗಟ್ಟಿಯೋ ಮೆತ್ತಗೋ. ಹದ ಆಗದಿದ್ದರೆ ಅದು ಮೂಗಿನ ತುದಿಯ ಹಾಗೆ, ಆದಾಗ ತುಟಿಯ ಹಾಗೆ ಎಂದು ಕಲಿಯುವವರಿಗೆ ಹೇಳಿಕೊಡುತ್ತಾರೆ. 1964ರಲ್ಲಿ ಎಡ್ವರ್ಡ್ ಬಿಷಪ್ ಎಂಬ ವೈದ್ಯ ಈ ಐದಕ್ಕೂ ಅಂಕ ಕೊಡುವ ಕ್ರಮ ತಂದ. ಹದಿಮೂರಕ್ಕೆ ಇವಳದು ಮೂರು. ಬಾಯಿ ಇನ್ನೂ ಮುಚ್ಚಿಕೊಂಡೇ ಇದೆ.

ಮೊದಲು ಆ ಬಾಯಿಯನ್ನು ಹದ ಮಾಡಬೇಕು. ಫ್ರಿಜ್ಜಿನಿಂದ ತೆಗೆದ ಜೆಲ್ಲಿನ ಸಿರಿಂಜು ಬಂತು. ಒಳಗೆ ಸೇರಿದ್ದು ಅರ್ಧ ಮಿಲಿಗ್ರಾಂ ಔಷಧ. ‘ತಣ್ಣಗೈತಿ’ ಎಂದು ಬೆಚ್ಚಿದಳು ಹುಡುಗಿ. ಅರ್ಧ ಗಂಟೆ ಮಲಗಿ, ಆಮೇಲೆ ನಡೆ ಎಂದರು. ಆರು ಗಂಟೆ ಕಳೆದರೂ ಹದವಾಗದಿದ್ದರೆ ಮತ್ತೊಂದು.

ವರಾಂಡದ ಈ ತುದಿಯಿಂದ ಆ ತುದಿಗೆ ನಡೆದಳು. ಸೊಂಟದ ಮೇಲೊಂದು ಕೈ, ಗೋಡೆಗೊಂದು ಕೈ. ನಡುವೆ 108 ಆಂಬುಲೆನ್ಸ್ ಬಂದು ಒಬ್ಬಾಕೆಯನ್ನು ಇಳಿಸಿತು. ಮೂರನೆಯ ಹೆರಿಗೆ. ಒಳಗೆ ಹೋದ ಅರ್ಧ ಗಂಟೆಗೆ ಕೂಸಿನ ಅಳು ಕೇಳಿತು. ಊಟದ ಹೊತ್ತಿಗೆ ಇನ್ನೊಂದು. ‘ಎಲ್ಲಾರದೂ ಆಗಾಕತ್ತೈತಿ ಚಿಗವ್ವಾ, ನಂದ ಆಗವಲ್ದು’ ಎಂದು ಅವಳು ಗೋಡೆಗೆ ಹಣೆ ಕೊಟ್ಟು ನಿಂತಳು. ನೋವೇ ಇಲ್ಲದೆ ನೋವಿಗಾಗಿ ಕಾಯುವ ಈ ಹೊತ್ತಿನ ಬಗ್ಗೆ ಯಾವ ಹಾಡೂ ಹೇಳುವುದಿಲ್ಲ, ಯಾವ ಸಿನಿಮಾವೂ ತೋರಿಸುವುದಿಲ್ಲ. ಅಲ್ಲೆಲ್ಲ ಬ್ಯಾನಿ ಥಟ್ಟನೆ ಬರುತ್ತದೆ, ಗಾಡಿ ಓಡುತ್ತದೆ, ಕೂಸು ಅಳುತ್ತದೆ. ಇಲ್ಲಿ ಬೆಳಗಿನಿಂದ ಸಂಜೆಯವರೆಗೆ ಬರೀ ನಡಿಗೆ.

ಮೂರು ಗಂಟೆಗೆ ಎರಡನೇ ಜೆಲ್. ದೀಪ ಹಚ್ಚುವ ಹೊತ್ತಿಗೆ ಸೊಂಟದಲ್ಲಿ ಹಿಡಿದು ಕಿಬ್ಬೊಟ್ಟೆಗೆ ಇಳಿಯುವ ನೋವು ಶುರುವಾಯಿತು. ರಾತ್ರಿ ಒಂಬತ್ತೂವರೆಗೆ ಬಾಯಿ ಮೂರು ಸೆಂಟಿಮೀಟರ್ ತೆರೆದಿತ್ತು. ನೀರುಚೀಲ ಒಡೆದರು. ಬಂದ ನೀರಿಗೆ ತೆಳು ಹಸಿರು ಬಣ್ಣ. ದಿನ ದಾಟಿದ ಕೂಸು ಒಳಗೇ ಮೊದಲ ಮಲ ಮಾಡಿಕೊಳ್ಳುವುದುಂಟು. ಸಿಸ್ಟರ್ ಮುಖ ಬದಲಿಸಲಿಲ್ಲ, ಆದರೆ ಹೊಟ್ಟೆಯ ಮೇಲೆ ಡಾಪ್ಲರ್ ಇಡುವುದು ಹೆಚ್ಚಿಸಿದರು. 142. 138. 146. ಪ್ರತಿ ಸಲವೂ ಎಣಿಕೆಯನ್ನು ಜೋರಾಗಿ ಹೇಳಿದರು, ಅವಳಿಗೆ ಕೇಳುವ ಹಾಗೆ. ‘110ರಿಂದ 160ರ ನಡುವ ಇದ್ರ ಕೂಸು ಆರಾಮದಾಗೈತಿ ಅಂತ ತಿಳಿ.’

ಆಮೇಲೆ ಡ್ರಿಪ್. ಅರ್ಧ ಲೀಟರಿನ ಬಾಟಲಿಗೆ ಐದು ಯೂನಿಟ್ ಆಕ್ಸಿಟೋಸಿನ್, ನಿಮಿಷಕ್ಕೆ ಎಂಟು ಹನಿ. ಅರ್ಧ ಗಂಟೆಗೊಮ್ಮೆ ಹೆಚ್ಚಿಸುತ್ತ ಹೋಗುವುದು. ‘ಏನೈತ್ರಿ ಅದರಾಗ?’ ಎಂದು ಅವಳೇ ಕೇಳಿದಳು. ‘ನಿನ್ನ ತಲಿಯೊಳಗ ಹುಟ್ಟೂ ರಸಾನ ಇದು. ಬ್ಯಾನಿ ಬಂದಾಗ ಬರ್ತೈತಿ, ಹಾಲು ಕುಡಸೂ ಮುಂದನೂ ಬರ್ತೈತಿ. ನಿನಗ ತಡ ಆಗೈತಿ ಅಂತ ಹೊರಗಿಂದ ಕೊಡಾಕತ್ತೇವಿ’ ಎಂದರು ಸಿಸ್ಟರ್. ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಒಂಬತ್ತು ಅಮೈನೋ ಆಮ್ಲಗಳ ಆ ಪುಟ್ಟ ಸರವನ್ನು 1953ರಲ್ಲಿ ಅಮೆರಿಕದ ವಿನ್ಸೆಂಟ್ ಡು ವಿಗ್ನೋ ಪ್ರಯೋಗಾಲಯದಲ್ಲೇ ಕಟ್ಟಿ ತೋರಿಸಿದ, 1955ರಲ್ಲಿ ನೊಬೆಲ್ ಪಡೆದ. ಈ ತಾಲ್ಲೂಕಿನ ರಾತ್ರಿಯಲ್ಲಿ ಅದು ಹನಿಹನಿಯಾಗಿ ಒಬ್ಬ ರೈತನ ಮಗಳ ನರಕ್ಕೆ ಇಳಿಯುತ್ತಿತ್ತು.

ತಾನಾಗಿ ಬರುವ ಬ್ಯಾನಿ ಸಾಮಾನ್ಯವಾಗಿ ನಿಧಾನ ಏರುತ್ತದೆ, ಮೈಗೆ ಒಗ್ಗಿಕೊಳ್ಳಲು ಹೊತ್ತು ಕೊಡುತ್ತದೆ. ಡ್ರಿಪ್ಪಿನ ಬ್ಯಾನಿ ಇವಳಿಗೆ ಆ ಹೊತ್ತು ಕೊಡಲಿಲ್ಲ. ಹನಿ ಹೆಚ್ಚಾದಂತೆ ನೋವು ಮೇಲಿಂದ ಮೇಲೆ ಬಂತು. ಹತ್ತು ನಿಮಿಷಕ್ಕೆ ಮೂರು, ಆಮೇಲೆ ನಾಲ್ಕು. ಅವಳು ನನ್ನ ಮುಂಗೈ ಹಿಡಿದ ಕಡೆ ಉಗುರು ಇಳಿದಿತ್ತು. ಅಕ್ಕ ಬೆನ್ನು ತಿಕ್ಕುತ್ತಿದ್ದಳು. ಹೆರಿಗೆ ಕೋಣೆಯೊಳಗೆ ಒಬ್ಬರೇ ಎಂದಿದ್ದರಿಂದ ನಾವಿಬ್ಬರೂ ಸರದಿ ಮಾಡಿಕೊಂಡೆವು. ಆ ಒಬ್ಬರಾದರೂ ಒಳಗಿರಲು ಅಡ್ಡಿಯಿಲ್ಲದ್ದು ದೊಡ್ಡ ಮಾತು. ಹೆರುವವಳ ಜೊತೆಗೆ ಅವಳಿಗೆ ಬೇಕಾದವರೊಬ್ಬರು ಇರಬೇಕು, ಅವಳನ್ನು ಮರ್ಯಾದೆಯಿಂದ ನೋಡಿಕೊಳ್ಳಬೇಕು ಎಂದು ಕೇಂದ್ರ ಸರ್ಕಾರದ ‘ಲಕ್ಷ್ಯ’ ಕಾರ್ಯಕ್ರಮ 2017ರಿಂದ ಹೇಳುತ್ತಿದೆ. ಬಾಗಿಲ ಹೊರಗೆ ತಾಯಿ, ಒಳಗೆ ಒಂಟಿ ಮಗಳು, ಕೂಗಿದರೆ ಬೈಗುಳ ಎನ್ನುವ ಕಥೆಗಳನ್ನು ನಮ್ಮ ಓರಗೆಯ ಹೆಂಗಸರು ಇಂದಿಗೂ ದನಿ ತಗ್ಗಿಸಿ ಹೇಳುತ್ತಾರೆ. ಬ್ಯಾನಿಯನ್ನು ಔಷಧದಿಂದ ಬರಿಸುವುದಾದರೆ ಅದನ್ನು ತಾಳಿಕೊಳ್ಳಲು ಒಂದು ಕೈಯನ್ನೂ, ಏನಾಗುತ್ತಿದೆ ಎಂದು ಹೇಳುವ ಒಂದು ಬಾಯಿಯನ್ನೂ ಜೊತೆಗೇ ಕೊಡಬೇಕು. ಬಾಟಲಿಯಷ್ಟೇ ಅವೂ ಬೇಕು.

ಎರಡು ಗಂಟೆಯ ಸುಮಾರಿಗೆ ‘ನನ್ನ ಕೈಲಿ ಆಗಾಂಗಿಲ್ಲ, ಕೊಯ್ದ ಬಿಡ್ರಿ’ ಎಂದು ಅತ್ತಳು. ಸಿಸ್ಟರ್ ಪಕ್ಕ ಕುಳಿತು ಅವಳ ಕೂದಲು ಹಿಂದಕ್ಕೆ ಸರಿಸಿದರು. ‘ಎಂಟಾಗೈತಿ ತಂಗಿ. ಇನ್ನ ಎರಡ.’ ಮೂರೂವರೆಗೆ ಆ ಎರಡೂ ಆದವು. ‘ಈಗ ಮುಕ್ಕು. ನೋವು ಬಂದಾಗ ಅಷ್ಟ. ಹೋದಾಗ ಸುಮ್ನಿರು.’ ನೆತ್ತಿ ಕಂಡಿತು, ಒಳಗೆ ಸರಿಯಿತು, ಮತ್ತೆ ಕಂಡಿತು. ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ತಲೆ, ಭುಜ, ಇಡೀ ಕೂಸು ಜಾರಿ ಬಂತು, ಬಂದದ್ದೇ ಕಿರುಚಿತು. ಮಕ್ಕಳ ಡಾಕ್ಟರು ನೋಡಿ ‘ಚಲೋ ಅಳಾಕತ್ತೈತಿ, ಅವ್ವನ ಎದಿ ಮ್ಯಾಲೆ ಹಾಕ್ರಿ’ ಎಂದರು. ಹೊಕ್ಕುಳಬಳ್ಳಿಯ ಮಿಡಿತ ನಿಲ್ಲುವವರೆಗೆ ಕಾದು ಕತ್ತರಿಸಿದರು.

ಹೆಣ್ಣು ಕೂಸು. ಮೂರು ಕಿಲೋ ನೂರು ಗ್ರಾಂ. ಅವಸರವಿಲ್ಲದೆ ಒಳಗೆ ಕಳೆದ ದಿನಗಳೆಲ್ಲ ಮೈಮೇಲೆ ಕಾಣುತ್ತಿದ್ದವು. ಎಳೆಗೂಸಿನ ಮೈಗೆ ಅಂಟಿಕೊಂಡಿರುವ ಬಿಳಿ ಜಿಡ್ಡು ಹೆಚ್ಚುಕಡಿಮೆ ಇರಲೇ ಇಲ್ಲ. ಅಂಗಾಲು, ಮಣಿಕಟ್ಟಿನ ಚರ್ಮ ಸುಲಿದಿತ್ತು. ಉಗುರು ಬೆರಳ ತುದಿ ದಾಟಿ ಬೆಳೆದಿದ್ದವು. ಕಣ್ಣು ಅಗಲ ತೆರೆದು ದೀಪದ ಕಡೆ ನೋಡಿತು. ‘ಒಂದ್ ತಿಂಗಳ ಕೂಸು ನೋಡಿದಂಗ ನೋಡತೈತಿ’ ಎಂದಳು ಅಕ್ಕ, ಅಳುತ್ತಲೇ.

ಬೆಳಿಗ್ಗೆ ಅಂಟಿನುಂಡಿಯ ಡಬ್ಬಿ ತೆರೆದಾಗ ಹುಡುಗಿ ಮುಖ ತಿರುಗಿಸಲಿಲ್ಲ. ಒಂದು ತಿಂದು ಇನ್ನೊಂದಕ್ಕೆ ಕೈ ಚಾಚಿದಳು. ಪಕ್ಕದ ಮಂಚಕ್ಕೆ ಹೊಸಬಳು ಬಂದಿದ್ದಳು. ಅವಳದೂ 41 ದಾಟಿದೆ, ಕೈಯಲ್ಲಿ ತಾಯಿ ಕಾರ್ಡು, ಕಣ್ಣಲ್ಲಿ ನೀರು. ‘ಜೆಲ್ ಇಟ್ರ ಭಾಳ ನೋವಾಗ್ತೈತೇನ್ರಿ?’

‘ಮೊದಲ ತಣ್ಣಗ ಅಷ್ಟ ಆಗ್ತೈತ್ರಿ’ ಎಂದು ಇವಳು ಕೂಸನ್ನು ಇನ್ನೊಂದು ಮಗ್ಗುಲಿಗೆ ಹಾಕಿಕೊಂಡು ಅವಳ ಕಡೆ ತಿರುಗಿದಳು. ‘ಮಲಗು, ಮಾತು ಸಾಕು’ ಎಂದು ಅಕ್ಕ ಗದರಿದರೂ ನಿಲ್ಲಿಸಲಿಲ್ಲ. ‘ಸಂಜೀತನಾ ಏನೂ ಆಗಾಂಗಿಲ್ಲ. ಬ್ಯಾರೇದವ್ರದು ಮುಂಚೆ ಆತಂತ ಅಳಬ್ಯಾಡ್ರಿ, ನಾನೂ ಅತ್ತೇನಿ. ಡ್ರಿಪ್ ಹಚ್ಚಿದ ಮ್ಯಾಲೆ ಎಷ್ಟ ಹನಿ ಬಿಟ್ಟಾರ, ಬಾಯಿ ಎಷ್ಟ ತೆರದೈತಿ, ಎಲ್ಲಾ ಕೇಳ್ರಿ. ಆ ದಪ್ಪ ಕನ್ನಡಕದ ಸಿಸ್ಟರ್ ಅದಾರಲ್ಲ, ಅವ್ರು ಹೇಳ್ತಾರ.’